ಜುಲೈ 10ಕ್ಕೆ ಮನೆಯಲ್ಲೇ ಪೀನ್ಯಾ ಕೊಲಾಡಾ: ಕಾಯಿ ತುರಿಯುವುದರಿಂದ ಜಾರು ತೊಳೆಯುವವರೆಗೆ

ಮೊದಲ ಸಲ ಹೆಸರು ಹೇಳಿದಾಗ ಭಾವ ಕೇಳಿದ್ದು, "ಪೀಣ್ಯದ್ದಾ? ಆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕುಡಿಯೋದೇನು ಮಾಡ್ತಾರೆ ಮಾರಾಯ?" ಅಂತ. ಬೆಂಗಳೂರಿನ ಪೀಣ್ಯಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ, ಉಚ್ಚಾರ ಮಾತ್ರ ಹೆಚ್ಚುಕಡಿಮೆ ಅದೇ. ನಮ್ಮ ಬಾರುಗಳ ಮೆನು ಕಾರ್ಡಿನಲ್ಲಿ 'ಪಿನಾ ಕೊಲಾಡಾ' ಆಗಿರುವುದು ಸ್ಪ್ಯಾನಿಷ್‌ನಲ್ಲಿ ಪೀನ್ಯಾ ಕೊಲಾಡಾ. ಪೀನ್ಯಾ ಅಂದರೆ ಅನಾನಸ್, ಕೊಲಾಡಾ ಅಂದರೆ ಸೋಸಿದ್ದು. ಸೋಸಿದ ಅನಾನಸ್, ಅಷ್ಟೇ. ಹೆಸರಿನಲ್ಲಿ ರಮ್ಮೂ ಇಲ್ಲ, ತೆಂಗಿನಕಾಯಿಯೂ ಇಲ್ಲ. ಆದರೆ ಈ ಪಾನೀಯ ಕೆಡುವುದು ಹತ್ತಕ್ಕೆ ಒಂಬತ್ತು ಸಲ ತೆಂಗಿನಕಾಯಿಯಿಂದಲೇ. ಅದಕ್ಕೇ ಈ ಬರಹದ ಅರ್ಧ ಭಾಗ ಕಾಯಿಯ ಮೇಲಿದೆ.

ಅಮೆರಿಕದಲ್ಲಿ ಪ್ರತಿವರ್ಷ ಜುಲೈ 10ನ್ನು ಪೀನ್ಯಾ ಕೊಲಾಡಾ ದಿನ ಅಂತ ಆಚರಿಸುತ್ತಾರೆ. ಸರ್ಕಾರಿ ರಜೆಯಲ್ಲ. ಬಾರುಗಳು ಆಫರ್ ಹಾಕುತ್ತವೆ, ಜನ ಲೋಟದ ಫೋಟೋ ಹಾಕುತ್ತಾರೆ. ಅವರಿಗೆ ಆಗ ನಡು ಬೇಸಿಗೆ. ನಮಗೆ ಆಷಾಢದ ಗಾಳಿ, ಜಡಿಮಳೆ. ಮಲೆನಾಡಿನಲ್ಲಿ ಕಂಬಳಿ ಹೊದ್ದು ಕಾಫಿ ಹೀರುವ ದಿನ. ಆ ಹೊತ್ತಿನಲ್ಲಿ ಐಸ್ ಪುಡಿ ಮಾಡಿ ಕುಡಿಯುವುದು ಹುಚ್ಚೆನಿಸಿದರೆ ತಪ್ಪಿಲ್ಲ. ಆದರೂ ನಾನು ಮೂರು ವರ್ಷದಿಂದ ಸಾಗರದ ಹತ್ತಿರದ ಅಕ್ಕನ ಮನೆಯಲ್ಲಿ ಇದನ್ನು ಮಾಡುತ್ತಿದ್ದೇನೆ. 2026ರಲ್ಲಿ ದಿನ ಶುಕ್ರವಾರ ಬೀಳುತ್ತದೆ. ಶುಕ್ರವಾರ ಬಾಟಲಿ ಮುಟ್ಟುವುದಿಲ್ಲ ಅನ್ನುವ ಮನೆಯವರು ಶನಿವಾರಕ್ಕೆ ತಳ್ಳಿಕೊಳ್ಳಿ, ಯಾರೂ ಲೆಕ್ಕ ಕೇಳುವುದಿಲ್ಲ.

ಇದು ಯಾರದು, ಎಲ್ಲಿಯದು

ಊರು ಪೋರ್ಟೊ ರಿಕೊ. ಕೆರಿಬಿಯನ್ ಸಮುದ್ರದ ದ್ವೀಪ, ಅಮೆರಿಕದ ಅಧೀನದಲ್ಲಿದೆ. ರಾಜಧಾನಿ ಸಾನ್ ವಾನ್‌ನಲ್ಲಿರುವ ಕರೀಬೆ ಹಿಲ್ಟನ್ ಹೋಟೆಲಿನಲ್ಲಿ ರಮೋನ್ 'ಮೊಂಚಿತೊ' ಮರ್ರೇರೊ ಎಂಬ ಬಾರ್‌ಟೆಂಡರ್ 1954ರಲ್ಲಿ ಇದನ್ನು ಹದಕ್ಕೆ ತಂದ ಅನ್ನುವುದು ಹೆಚ್ಚು ಜನ ಒಪ್ಪುವ ಕಥೆ. ಅದೇ ಹೋಟೆಲಿನ ರಿಕಾರ್ಡೊ ಗಾರ್ಸಿಯಾ ಎಂಬವನದೂ ಒಂದು ಕಥೆಯಿದೆ: ತೆಂಗಿನ ಚಿಪ್ಪಿನಲ್ಲಿ ಪಾನೀಯ ಕೊಡುತ್ತಿದ್ದನಂತೆ, ಕಾಯಿ ಕೊಯ್ಯುವವರು ಮುಷ್ಕರ ಹೂಡಿದಾಗ ಚಿಪ್ಪು ಸಿಗದೆ ಅನಾನಸನ್ನೇ ಕೊರೆದು ಅದರಲ್ಲಿ ಸುರಿದನಂತೆ. ಹಳೇ ಸಾನ್ ವಾನ್‌ನ ಬರ್ರಾಚೀನಾ ರೆಸ್ಟೋರೆಂಟಿನ ಗೋಡೆಯ ಮೇಲೆ ಬೇರೆಯೇ ಫಲಕವಿದೆ. ಅದರ ಪ್ರಕಾರ 1963ರಲ್ಲಿ ಅಲ್ಲಿನ ರಮೋನ್ ಪೋರ್ತಾಸ್ ಮಿಂಗೊತ್ ಇದನ್ನು ಕಂಡುಹಿಡಿದ. ಮೈಸೂರು ಪಾಕ್ ಯಾರದು ಅನ್ನುವ ಜಗಳ ಕೇಳಿದವರಿಗೆ ಇದು ಹೊಸದಲ್ಲ. 1978ರಲ್ಲಿ ಪೋರ್ಟೊ ರಿಕೊ ಇದನ್ನು ತನ್ನ ಅಧಿಕೃತ ಪಾನೀಯ ಅಂತ ಘೋಷಿಸಿತು, ಯಾರ ಪಾಲಿಗೆ ತೀರ್ಪು ಅನ್ನುವುದು ಹಾಗೇ ಉಳಿಯಿತು.

ನನ್ನ ಲೆಕ್ಕದಲ್ಲಿ ನಿಜವಾದ ಶ್ರೇಯ ಸಲ್ಲಬೇಕಾದ್ದು ಬಾರಿನಲ್ಲಿ ಕೆಲಸ ಮಾಡದ ಒಬ್ಬ ಮೇಷ್ಟ್ರಿಗೆ. ಪೋರ್ಟೊ ರಿಕೊ ವಿಶ್ವವಿದ್ಯಾಲಯದ ರಮೋನ್ ಲೋಪೆಸ್ ಇರಿಸಾರಿ 1950ರ ಆಸುಪಾಸಿನಲ್ಲಿ ತೆಂಗಿನಕಾಯಿಯ ಗಟ್ಟಿ ಹಾಲಿಗೆ ಸಕ್ಕರೆ ಸೇರಿಸಿ, ಕೆಡದಂತೆ ಡಬ್ಬಿಯಲ್ಲಿ ತುಂಬುವ ವಿಧಾನ ಮಾಡಿದರು. ಅದೇ 'ಕೊಕೊ ಲೋಪೆಸ್'. ಕಾಯಿ ತುರಿದು ಹಿಂಡುವ ರಗಳೆ ತಪ್ಪಿತು, ಬಾರಿನವರಿಗೆ ಡಬ್ಬಿ ತೆರೆದರೆ ಸಾಕಾಯಿತು.

ಇನ್ನೊಂದು ವಿಷಯ, ನಮಗೆ ಹತ್ತಿರದ್ದು. ಈ ಲೋಟದಲ್ಲಿ ಆ ದ್ವೀಪದ ಕಡೆಯದು ಅಂತ ಹೇಳಬಹುದಾದ್ದು ಅನಾನಸ್ ಒಂದೇ. ಕೊಲಂಬಸ್ ಅದನ್ನು ಕಂಡದ್ದು 1493ರ ಎರಡನೇ ಯಾನದಲ್ಲಿ, ಗ್ವಾಡಲೂಪ್ ದ್ವೀಪದಲ್ಲಿ. ಅದೇ ತಿಂಗಳು ಪೋರ್ಟೊ ರಿಕೊಕ್ಕೂ ಬಂದ. ರಮ್ಮಿನ ಮೂಲವಾದ ಕಬ್ಬು ಏಷ್ಯಾದ್ದು, ಆ ಯಾನದ ಹಡಗಿನಲ್ಲೇ ಅತ್ತ ಹೋಯಿತು. ತೆಂಗು ಹಿಂದೂ ಮಹಾಸಾಗರದ ಕಡೆಯಿಂದ ಪೋರ್ಚುಗೀಸರ ಜೊತೆ ಕೇಪ್ ವರ್ಡೆ ದ್ವೀಪಗಳ ಮೂಲಕ 16ನೇ ಶತಮಾನದಲ್ಲಿ ಹೋಯಿತು. ಅದೇ ಶತಮಾನದಲ್ಲಿ ಅದೇ ಪೋರ್ಚುಗೀಸರು ಅನಾನಸನ್ನು ನಮ್ಮ ಕಡೆ ತಂದರು, ಅದರ ಹೆಸರನ್ನೂ ಜೊತೆಗೆ. 'ಅನಾನಸ್' ದಕ್ಷಿಣ ಅಮೆರಿಕದ ತುಪಿ ಜನರ ಮಾತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೀಗೆ ಅದಲುಬದಲಾದವು ಮಿಕ್ಸಿ ಜಾರಿನಲ್ಲಿ ಒಂದಾಗುತ್ತವೆ.

ನಾಲ್ಕು ಜನರಿಗೆ ಏನೇನು ಬೇಕು

ಒಂದೂವರೆ ಕಿಲೋ ತೂಗುವ ಅನಾನಸ್ ಎರಡು. ಬಲಿತ ದೊಡ್ಡ ತೆಂಗಿನಕಾಯಿ ಎರಡು. ಸಕ್ಕರೆ 150 ಗ್ರಾಂ. ನಿಂಬೆಹಣ್ಣು ಎರಡು. ಉಪ್ಪು ಒಂದು ಚಿಟಿಕೆ. ಬಿಳಿ ರಮ್ 240 ಎಂ.ಎಲ್., ಅಂದರೆ ಒಬ್ಬರಿಗೆ ಒಂದು ಲಾರ್ಜ್. ಐಸ್ ಎರಡು ಟ್ರೇ. ದೊಡ್ಡ ಜಾರಿರುವ ಮಿಕ್ಸಿ, ತೆಳು ಬಟ್ಟೆ, ಜರಡಿ. ಇಷ್ಟೇ.

ಹಿಂದಿನ ದಿನ: ಕಾಯಿ

ಇಲ್ಲಿ ಎಲ್ಲರೂ ಎಡವುವ ಜಾಗವಿದೆ. ಇಂಗ್ಲಿಷ್ ಪಾಕವಿಧಾನಗಳಲ್ಲಿ ಬರುವ 'ಕ್ರೀಮ್ ಆಫ್ ಕೊಕೊನಟ್' ಬೇರೆ, 'ಕೊಕೊನಟ್ ಕ್ರೀಮ್' ಬೇರೆ, 'ಕೊಕೊನಟ್ ಮಿಲ್ಕ್' ಬೇರೆ. ಕೊನೆಯದು ಸಪ್ಪೆ ಕಾಯಿಹಾಲು. ನಡುವಿನದು ಅದರ ಗಟ್ಟಿ ಕೆನೆ, ಅದೂ ಸಪ್ಪೆ. ಮೊದಲನೆಯದು ಮಾತ್ರ ಸಕ್ಕರೆ ಹಾಕಿದ್ದು, ಜೇನಿನಷ್ಟು ದಪ್ಪ. ಕೊಕೊ ಲೋಪೆಸ್ ಅಂದರೆ ಅದೇ. ಅದರ ಬದಲು ಅಂಗಡಿಯ ಪ್ಯಾಕೆಟ್ ಕಾಯಿಹಾಲು ಹಾಗೇ ಸುರಿದರೆ ಅನಾನಸ್ ಹುಳಿ ಮೇಲೆದ್ದು ನೀರುನೀರಾಗುತ್ತದೆ. ಪಾರದರ್ಶಕ ಕೊಕೊನಟ್ ಸಿರಪ್ ಹಾಕಿದರೆ ಇನ್ನೂ ಅಧ್ವಾನ. ಅದರಲ್ಲಿ ಕಾಯಿಯ ಜಿಡ್ಡೇ ಇಲ್ಲ, ಇರುವುದು ವಾಸನೆ ಮಾತ್ರ.

ಆಮದಾದ ಡಬ್ಬಿ ಹುಡುಕುವುದಕ್ಕಿಂತ ಮನೆಯಲ್ಲಿ ಮಾಡುವುದು ವಾಸಿ. ಕಾಯಿಹಾಲು ಗೊತ್ತಿಲ್ಲದ ಅಡುಗೆಮನೆಯೇ ನಮ್ಮಲ್ಲಿ ಇಲ್ಲವಲ್ಲ.

ಕಾಯಿ ಅಲ್ಲಾಡಿಸಿದರೆ ನೀರು ಸದ್ದು ಮಾಡಬೇಕು. ಎಳೆಯದೂ ಬೇಡ, ಕೊಬ್ಬರಿಗೆ ತಿರುಗಿದ್ದೂ ಬೇಡ. ತುರಿಮಣೆಯಲ್ಲಿ ತುರಿಯುವಾಗ ಬಿಳಿ ಮುಗಿದು ಕಂದು ಕಾಣುತ್ತಿದ್ದಂತೆ ನಿಲ್ಲಿಸಿ. ಸಾರಿಗೆ ಆ ಕಂದು ನಡೆಯುತ್ತದೆ, ಇಲ್ಲಿ ಬಣ್ಣ ಮಾಸಿ ಬೂದಿಯಂತಾಗುತ್ತದೆ. ತುರಿಯನ್ನು ಮಿಕ್ಸಿಗೆ ಹಾಕಿ, ಕೈ ತಡೆಯುವಷ್ಟು ಬಿಸಿಯಿರುವ ನೀರು ಮುಕ್ಕಾಲು ಲೋಟ, ಜಾಸ್ತಿ ಬೇಡ, ಸೇರಿಸಿ ನುಣ್ಣಗೆ ರುಬ್ಬಿ. ಹಳೇ ಪಂಚೆಯ ಶುದ್ಧ ತುಂಡಿನಲ್ಲಿ ಕಟ್ಟಿ ಹಿಂಡಿ. ಮೊದಲು ಸಲೀಸಾಗಿ ಇಳಿಯುತ್ತದೆ. ಆಮೇಲೆ ಬಟ್ಟೆಯನ್ನು ತಿರುಚಿ, ಗಂಟು ಬಿಗಿಯಾದ ಮೇಲೆ ಬೆರಳ ಸಂದಿಯಿಂದ ದಪ್ಪ ದಪ್ಪ ಹನಿ ಬೀಳುತ್ತದೆ ನೋಡಿ, ನಮಗೆ ಬೇಕಾದ್ದು ಅದು. ಒಟ್ಟು 200 ಎಂ.ಎಲ್. ಮೊದಲ ಹಾಲು ಅಳೆದು ತೆಗೆದಿಡಿ. ಹಿಂಡಿದ ಚರಟಕ್ಕೆ ಮತ್ತೆ ನೀರು ಹಾಕಿ ತೆಗೆದ ಎರಡನೇ ಹಾಲನ್ನು ಇದಕ್ಕೆ ಬೆರೆಸಬೇಡಿ.

ಈಗ ದಪ್ಪ ತಳದ ಪಾತ್ರೆಯಲ್ಲಿ ಮೊದಲ ಹಾಲು, ಸಕ್ಕರೆ, ಚಿಟಿಕೆ ಉಪ್ಪು. ಸಣ್ಣ ಉರಿ. ಮೊದಲ ವರ್ಷ ನಾನು ಸಕ್ಕರೆ ಬೇಗ ಕರಗಲಿ ಅಂತ ಉರಿ ಏರಿಸಿ ಫೋನ್ ನೋಡುತ್ತ ನಿಂತಿದ್ದೆ. ಹಾಲು ಉಕ್ಕಿತು, ಒಡೆಯಿತು; ಮೇಲೆ ಎಣ್ಣೆ, ಕೆಳಗೆ ಹರಳು ಹರಳಾದ ನೀರು. ಅಕ್ಕ ಬಗ್ಗಿ ನೋಡಿ, "ಪಾಯಸಕ್ಕೆ ಕಾಯಿಹಾಲು ಹಾಕಿದ ಮೇಲೆ ಯಾರಾದ್ರೂ ಕುದಿಸ್ತಾರೇನೋ? ಇಷ್ಟು ವರ್ಷ ಉಂಡಿದ್ದೀಯ, ಒಂದಿನ ನೋಡಿಲ್ವ?" ಅಂದಳು. ಅವಳ ಮಾತೇ ಇಲ್ಲಿನ ನಿಯಮ. ಆವಿ ಏಳಲು ಶುರುವಾದರೆ ಸಾಕು, ಗುಳ್ಳೆ ಬರಬಾರದು. ಕೈ ಬಿಡದೆ ತಿರುವುತ್ತ, ಸಕ್ಕರೆ ಕರಗಿದ ಕೂಡಲೇ ಇಳಿಸಿ. ಧೈರ್ಯವಿಲ್ಲದವರು ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಕರಗಿಸಿಕೊಳ್ಳಿ. ಆರಿದ ಮೇಲೆ ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ, ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮೂರ್ನಾಲ್ಕು ದಿನ ಬರುತ್ತದೆ.

ತುರಿಯಲು ಹೊತ್ತಿಲ್ಲದವರು ಪ್ಯಾಕೆಟ್ಟಿನ ಗಟ್ಟಿ ಕಾಯಿಹಾಲು 200 ಎಂ.ಎಲ್.ಗೆ ಇದೇ ಅಳತೆಯ ಸಕ್ಕರೆ ಹಾಕಿ ಹೀಗೇ ಮಾಡಿ. ರುಚಿಯಲ್ಲಿ ನಾಲ್ಕಾಣೆ ಕಮ್ಮಿ, ಆದರೆ ಕೆಡುವುದಿಲ್ಲ.

ಒಂದು ಎಚ್ಚರಿಕೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ಹೆಪ್ಪುಗಟ್ಟುವುದು ಗೊತ್ತಲ್ಲ, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿ. ಫ್ರಿಜ್ಜಿನಿಂದ ತೆಗೆದ ಈ ಕೆನೆಯೂ ಹಾಗೇ. ನೇರ ಐಸ್ ಜೊತೆ ಹಾಕಿದರೆ ಮೇಣದ ಚೂರುಗಳಂತೆ ಅಂಗುಳಿಗೆ ಅಂಟುತ್ತದೆ. ಎರಡನೇ ವರ್ಷ ನಮಗೆಲ್ಲ ಆ ಪ್ರಸಾದ ಸಿಕ್ಕಿದೆ. ಬಳಸುವ ಮುಂಚೆ ಬಾಟಲಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಕುಲುಕಿ.

ಹಿಂದಿನ ದಿನ: ಅನಾನಸ್

ಬುಡದ ಕಡೆ ಮೂಸಿ ನೋಡಿ ಕೊಳ್ಳಿ. ಗಮ್ಮನೆ ಸಿಹಿ ವಾಸನೆ ಬಂದರೆ ಹಣ್ಣು, ಹೆಂಡದ ವಾಸನೆ ಬಂದರೆ ಹೊತ್ತು ಮೀರಿದ್ದು. ಬರೀ ಬಣ್ಣ ನೋಡಿ ಮೋಸ ಹೋಗಬೇಡಿ. ಬನವಾಸಿ, ಶಿರಸಿ ಕಡೆಯ ಅನಾನಸ್ ಸಿಕ್ಕರೆ ಬಿಡಬೇಡಿ. ಅಕ್ಕನ ಮನೆಯಲ್ಲಿ ಅಡಿಕೆ ತೋಟದ ಅಂಚಿನಲ್ಲೇ ಬೆಳೆಯುತ್ತದೆ, ಮಂಗ ಬಿಟ್ಟಿದ್ದು ನಮ್ಮದು.

ಒಂದು ಹಣ್ಣನ್ನು ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು ಹೆಬ್ಬೆರಳ ಗಾತ್ರದ ತುಂಡು ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ರಾತ್ರಿಯೆಲ್ಲ ಫ್ರೀಜರಿನಲ್ಲಿಡಿ. ಸುಮಾರು ಅರ್ಧ ಕಿಲೋ ಬೇಕು. ಕೆಲಸದ ಗುಟ್ಟು ಇದೇ: ಐಸ್ ಕರಗಿದರೆ ನೀರು, ಹೆಪ್ಪುಗಟ್ಟಿದ ಅನಾನಸ್ ಕರಗಿದರೆ ಅನಾನಸ್. ತುಂಡು ಜಾಸ್ತಿ ಹಾಕಿದಷ್ಟೂ ಐಸ್ ಕಮ್ಮಿ ಸಾಕು, ಕೊನೆ ಗುಟುಕಿನವರೆಗೂ ರುಚಿ ಇಳಿಯುವುದಿಲ್ಲ.

ಇನ್ನೊಂದು ಹಣ್ಣನ್ನು ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಅಂದೇ ರುಬ್ಬಿ, ಜರಡಿಯಲ್ಲಿ ಸೋಸಿ. ಹೆಸರೇ ಹೇಳುತ್ತಿದೆಯಲ್ಲ, ಕೊಲಾಡಾ. ನಾರು ಉಳಿದರೆ ಸ್ಟ್ರಾ ಕಟ್ಟಿಕೊಳ್ಳುತ್ತದೆ. 300 ಎಂ.ಎಲ್. ರಸ ಸಿಗಬೇಕು. ಪ್ಯಾಕೆಟ್ ಜ್ಯೂಸ್ ಹಾಕುವುದಾದರೆ ಸಕ್ಕರೆ ಬೆರೆತದ್ದೇ ಹೆಚ್ಚು, ಆಗ ಕಾಯಿಕೆನೆ ಕಾಲು ಭಾಗ ತಗ್ಗಿಸಿ.

ಕೆಲವರು ಗಟ್ಟಿಯಾಗಲಿ ಅಂತ ವೆನಿಲ್ಲಾ ಐಸ್‌ಕ್ರೀಮ್ ಹಾಕುತ್ತಾರೆ. ಕರೀಬೆ ಹಿಲ್ಟನ್‌ನವರ ಅಳತೆಯಲ್ಲೂ ಹಾಲಿನ ಕೆನೆ 30 ಎಂ.ಎಲ್. ಇದೆ, ಹಾಗಾಗಿ ಶಾಸ್ತ್ರವಿರೋಧ ಅಂತ ಹೇಳಲಾರೆ. ಆದರೆ ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ, ಹೆಚ್ಚು ತಿಂದರೆ ನಾಲಿಗೆ ಉರಿಯುವುದು ಅದರಿಂದಲೇ. ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ, ಸ್ವಲ್ಪ ಹೊತ್ತು ಇಟ್ಟರೆ ಕಹಿ ಬರುತ್ತದೆ. ಹಾಕಿದರೆ ತಕ್ಷಣ ಕುಡಿಯಬೇಕು. ನಾನಂತೂ ಹಾಕುವುದಿಲ್ಲ, ಒಳ್ಳೆ ಕಾಯಿಯಿದ್ದಾಗ ಹಾಲಿಗೇನು ಕೆಲಸ?

ರಮ್

ಬಿಳಿ ರಮ್ ಸಾಕು, ದುಬಾರಿಯದು ಬೇಕಿಲ್ಲ. ಪೋರ್ಟೊ ರಿಕೊದಲ್ಲಿ ರಮ್ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ ಒಂದು ವರ್ಷ ಮರದ ಪೀಪಾಯಿಯಲ್ಲಿರಬೇಕು; ಬಂದ ಬಣ್ಣವನ್ನು ಆಮೇಲೆ ಇದ್ದಿಲಿನಲ್ಲಿ ಸೋಸಿ ಬಿಳಿ ಮಾಡುತ್ತಾರೆ. ಬಕಾರ್ಡಿ ಇಲ್ಲೂ ಸಿಗುತ್ತದೆ. ಕಪ್ಪು ರಮ್ಮನ್ನೇ ಪೂರ್ತಿ ಹಾಕಿದರೆ ಬಣ್ಣ ಕೆಟ್ಟು ಕಾಫಿ ಚರಟದಂತಾಗುತ್ತದೆ. ಬೇಕೇ ಬೇಕು ಅನ್ನುವ ಭಾವನಂಥವರಿಗೆ ಕೊನೆಗೆ ಮೇಲಿಂದ ಒಂದು ಚಮಚ ತೇಲಿಸಿ ಕೊಡಿ, ಚೆನ್ನಾಗೇ ಇರುತ್ತದೆ.

ನೆನಪಿಡಬೇಕಾದ್ದು: ನಮ್ಮಲ್ಲಿ ರಮ್ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲಿನದು. 60 ಎಂ.ಎಲ್.ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ಸಿಹಿ, ತಂಪು, ಜಿಡ್ಡು ಮೂರೂ ಸೇರಿ ಅದನ್ನು ಮುಚ್ಚಿಡುತ್ತವೆ. ಮಿಲ್ಕ್‌ಶೇಕ್ ಕುಡಿದ ಹಾಗೆ ಎರಡು ಲೋಟ ಇಳಿಸಿ ಎದ್ದು ನಿಂತಾಗ ಗೊತ್ತಾಗುತ್ತದೆ. ಬೈಕಿನಲ್ಲಿ ಬಂದವರು ರಾತ್ರಿ ಅಲ್ಲೇ ಮಲಗಲಿ.

ಆ ದಿನ: ತಿರುಗಿಸುವುದು

ಲೋಟಗಳನ್ನು ಅರ್ಧ ಗಂಟೆ ಮುಂಚೆ ಫ್ರೀಜರಿಗೆ ಹಾಕಿ. ಐಸ್ ಗಡ್ಡೆಗಳನ್ನು ಇಡಿಯಾಗಿ ಮಿಕ್ಸಿಗೆ ಸುರಿಯಬೇಡಿ, ಬ್ಲೇಡು ಹೋಗುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಬಡಿದು ಪುಡಿ ಮಾಡಿ.

ನಾಲ್ಕು ಲೋಟ ಒಂದೇ ಸಲ ಜಾರಿನಲ್ಲಿ ಹಿಡಿಸುವುದಿಲ್ಲ, ಎರಡು ಸಲ ಮಾಡಿ. ಪ್ರತಿ ಸಲಕ್ಕೆ ಮೊದಲು ದ್ರವಗಳು: ಅನಾನಸ್ ರಸ 150, ಕಾಯಿಕೆನೆ 90, ರಮ್ 120 ಎಂ.ಎಲ್., ಅರ್ಧ ನಿಂಬೆಹಣ್ಣಿನ ರಸ. ಇಷ್ಟನ್ನೇ ಐದು ಸೆಕೆಂಡು ತಿರುಗಿಸಿ, ಕೆನೆ ಬೆರೆಯುತ್ತದೆ. ಆಮೇಲೆ ಹೆಪ್ಪುಗಟ್ಟಿದ ಅನಾನಸ್ 250 ಗ್ರಾಂ, ಮೇಲೆ ಒಂದು ಹಿಡಿ ಐಸ್ ಪುಡಿ. ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಒಮ್ಮೆ ಜಾರು ಅಲ್ಲಾಡಿಸಿ. ಒಟ್ಟು ಇಪ್ಪತ್ತು ಸೆಕೆಂಡು ದಾಟಬಾರದು. ಚಟ್ನಿ ರುಬ್ಬಿದ ಹಾಗೆ ಬಿಡದೆ ರುಬ್ಬಿದರೆ ಜಾರು ಬಿಸಿಯಾಗಿ ಎಲ್ಲ ನೀರಾಗುತ್ತದೆ. ಕಿವಿ ಕೊಡಿ: ಮೊದಲು ಕಟಕಟ, ಆಮೇಲೆ ಗರಗರ, ಕೊನೆಗೆ ಸದ್ದು ಒಂದೇ ಸಮನಾಗಿ ಮೆತ್ತಗಾಗುತ್ತದೆ. ಆಗ ನಿಲ್ಲಿಸಿ. ಚಮಚ ನಿಲ್ಲಿಸಿದರೆ ನಿಧಾನವಾಗಿ ಓರೆಯಾಗಬೇಕು, ದಪ್ಪ ದೋಸೆ ಹಿಟ್ಟಿನ ಹದ.

ರುಚಿ ನೋಡಿ. ಮುಖಕ್ಕೆ ಹೊಡೆಯುವ ಸಿಹಿಯಿದ್ದರೆ ಇನ್ನಷ್ಟು ನಿಂಬೆ. ಬಾರ್‌ಟೆಂಡರುಗಳ ಅಂತರರಾಷ್ಟ್ರೀಯ ಸಂಘದ ಪಾಕದಲ್ಲೂ ಹಿಂದೆ ಕೆಲವು ಹನಿ ನಿಂಬೆ ಹಿಂಡುತ್ತಿದ್ದರು ಅಂತ ಟಿಪ್ಪಣಿಯಿದೆ. ನೀರಾಗಿದ್ದರೆ ಇನ್ನೂ ನಾಲ್ಕು ಅನಾನಸ್ ತುಂಡು, ಐಸ್ ಅಲ್ಲ.

ಮಕ್ಕಳಿಗೆ, ಕುಡಿಯದವರಿಗೆ

ಅವರದನ್ನೇ ಮೊದಲು ಮಾಡಿ, ರಮ್ ಬಾಟಲಿ ತೆರೆಯುವ ಮುಂಚೆ. ಎರಡೂ ನೋಡಲು ಒಂದೇ ಥರ, ವಾಸನೆಯೂ ಸುಲಭಕ್ಕೆ ಹಿಡಿಯಲಾಗುವುದಿಲ್ಲ. ಅಕ್ಕನ ಮನೆಯಲ್ಲಿ ಸ್ಟೀಲ್ ಲೋಟ ಅಂದರೆ ರಮ್ ಇಲ್ಲದ್ದು, ಗಾಜಿನ ಲೋಟ ಅಂದರೆ ಇರುವುದು. ಇದನ್ನು ಬಾಗಿಲಲ್ಲೇ ಎಲ್ಲರಿಗೂ ಹೇಳಿಬಿಡುತ್ತೇವೆ. ರಮ್ಮಿನ ಜಾಗಕ್ಕೆ ಬರೀ ರಸ ಹೆಚ್ಚಿಸಿದರೆ ಸಿಹಿ ಮಂದವಾಗುತ್ತದೆ. ಅಷ್ಟೇ ಅಳತೆಯ ಎಳನೀರು, ಇನ್ನರ್ಧ ನಿಂಬೆ, ಕಲ್ಲುಪ್ಪಿನ ಒಂದು ಹರಳು ಹಾಕಿ. ನಿಜ ಹೇಳಬೇಕೆಂದರೆ ಅತ್ತೆಗೆ ಮಾಡಿದ ಆ ಲೋಟ ನಮ್ಮದಕ್ಕಿಂತ ಚೆನ್ನಾಗಿತ್ತು.

ಕರೆಂಟ್ ಹೋದರೆ

ಜುಲೈ, ಮಲೆನಾಡು, ಗಾಳಿಮಳೆ, ಹೋಗೇ ಹೋಗುತ್ತದೆ. ಕಳೆದ ವರ್ಷ ಮೊದಲ ಜಾರು ಮುಗಿಯುವಷ್ಟರಲ್ಲಿ ಎಲ್ಲೋ ಮರ ಬಿದ್ದು ಕತ್ತಲಾಯಿತು. ಆಗ ಅಂತರರಾಷ್ಟ್ರೀಯ ಅಳತೆ ನೆನಪಿಗೆ ಬಂತು: ಒಬ್ಬರಿಗೆ ರಮ್ 50, ಅನಾನಸ್ ರಸ 50, ಕಾಯಿಕೆನೆ 30 ಎಂ.ಎಲ್. ಭದ್ರ ಮುಚ್ಚಳದ ಸ್ಟೀಲ್ ಡಬ್ಬಿಗೆ ಇವನ್ನೂ ಮುಷ್ಟಿ ಐಸನ್ನೂ ಹಾಕಿ, ಬಟ್ಟೆ ಸುತ್ತಿ, ಡಬ್ಬಿಯ ಹೊರಮೈ ಬೆವರಿ ಕೈ ಜೋಮು ಹಿಡಿಯುವವರೆಗೆ ಕುಲುಕಿದೆವು. ಹಸಿ ಅನಾನಸ್ ರಸ ಕುಲುಕಿದರೆ ಚೆನ್ನಾಗಿ ನೊರೆ ಬರುತ್ತದೆ. ಐಸ್ ಪುಡಿ ತುಂಬಿದ ಲೋಟಕ್ಕೆ ಸೋಸಿ ಸುರಿದರೆ ಮೇಲೆ ಎರಡು ಬೆರಳು ನೊರೆ ನಿಂತಿತು, ಸ್ಟ್ರಾಂಗ್ ಫಿಲ್ಟರ್ ಕಾಫಿ ಮೇಲಿನದ್ದರಂತೆ. ಮಿಕ್ಸಿಯದು ಐಸ್‌ಕ್ರೀಮಿನ ಅಣ್ಣ ಆದರೆ ಇದು ತೆಳು, ಚುರುಕು. ಈಗ ಕರೆಂಟ್ ಇದ್ದರೂ ನನಗೆ ಇದೇ ಇಷ್ಟ.

ಮೇಲೆ ಸಿಕ್ಕಿಸಲು ಅನಾನಸಿನ ತೆಳು ಹೋಳು, ಅದರದೇ ಎಲೆ ಒಂದು. ಕೆಂಪು ಚೆರ್ರಿ ಸಂಪ್ರದಾಯ, ಆದರೆ ನಮ್ಮ ಬೇಕರಿಗಳಲ್ಲಿ ಚೆರ್ರಿ ಅಂತ ಬರುವುದು ಬಹಳ ಸಲ ಸಕ್ಕರೆ ಪಾಕದಲ್ಲಿ ಮುಳುಗಿ ಬಣ್ಣ ಬಳಿದುಕೊಂಡ ಕವಳೆಕಾಯಿ. ಇದ್ದರೆ ಹಾಕಿ. ಕಾಗದದ ಕೊಡೆಯೂ ರೂಢಿಯಲ್ಲಿದೆ; ಹೊರಗೆ ಸುರಿಯುವ ಮಳೆ ನೋಡಿ ಭಾವ ಅದನ್ನು ತಲೆಗೆ ಹಿಡಿದು ಫೋಟೋ ತೆಗೆಸಿಕೊಂಡರು.

ಉಳಿದದ್ದನ್ನು ಐಸ್ ಟ್ರೇಗೆ ಸುರಿದಿಟ್ಟರೆ ಮಾರನೇ ದಿನ ಮತ್ತೊಂದು ಸುತ್ತು ತಿರುಗಿಸಬಹುದು, ರಮ್ ಇರುವುದರಿಂದ ಪೂರ್ತಿ ಕಲ್ಲಾಗುವುದಿಲ್ಲ. ಟ್ರೇ ಮೇಲೆ ದೊಡ್ಡದಾಗಿ ಬರೆದಿಡಿ, ಮಕ್ಕಳು ಕುಲ್ಫಿ ಅಂದುಕೊಂಡಾರು. ಮಿಕ್ಕ ಅನಾನಸ್ ಗೊಜ್ಜಿಗೆ, ಎರಡನೇ ಹಾಲು ಪಾಯಸಕ್ಕೆ. ಜಾರನ್ನು ಮಾತ್ರ ರಾತ್ರಿಯೇ ಕುದಿಯುವ ನೀರು ಹಾಕಿ ತೊಳೆಯಿರಿ. ತಣ್ಣೀರಿನಲ್ಲಿ ತೊಳೆದರೆ ಕಾಯಿಜಿಡ್ಡು ವಾಷರಿನ ಸಂದಿಯಲ್ಲಿ ಕೂರುತ್ತದೆ, ಬೆಳಗ್ಗೆ ಚಟ್ನಿಯಲ್ಲಿ ರಮ್ಮಿನ ವಾಸನೆ ಯಾಕೆ ಅಂತ ಅತ್ತೆ ಕೇಳುತ್ತಾರೆ.